ಬಿಡುವಿನ ಕಾಲದಲ್ಲಿ ಇಂಜಿನ್ನಿನ ಇಂಧನ: ಪೆಟ್ರೋಲ್ ತೆಗೆಯಿರಿ, ಡೀಸೆಲ್ ತುಂಬಿಡಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ರೈತರ ಕೊಟ್ಟಿಗೆಗಳಲ್ಲಿ ಇಂದು ಎತ್ತುಗಳ ಜೊತೆಗೆ, ಎಷ್ಟೋ ಕಡೆ ಎತ್ತುಗಳ ಜಾಗದಲ್ಲಿಯೇ, ಇಂಜಿನ್ನುಗಳು ನಿಂತಿವೆ. ಪವರ್ ಟಿಲ್ಲರ್, ಡೀಸೆಲ್ ಪಂಪ್‌ಸೆಟ್, ಕಳೆ ತೆಗೆಯುವ ಯಂತ್ರ, ಪವರ್ ಸ್ಪ್ರೇಯರ್ ಇವೆಲ್ಲ ಈಗ ಬೇಸಾಯದ ಅಂಗಗಳೇ ಆಗಿವೆ. ಎತ್ತಿಗೆ ಕೆಲಸವಿಲ್ಲದ ದಿನವೂ ಮೇವು ಹಾಕುತ್ತೇವೆ, ಮೈ ತೊಳೆಯುತ್ತೇವೆ. ಇಂಜಿನ್ನನ್ನು ಮಾತ್ರ ಕೆಲಸ ಮುಗಿದ ದಿನ ಹಾಗೆಯೇ ಮೂಲೆಗೆ ತಳ್ಳಿ, ತಿಂಗಳುಗಳ ನಂತರ ಹಗ್ಗ ಎಳೆದು ನೋಡುತ್ತೇವೆ. ಟ್ಯಾಂಕಿನಲ್ಲಿ ಉಳಿದ ಇಂಧನ ಅಷ್ಟರಲ್ಲಿ ಕೆಟ್ಟಿರುತ್ತದೆ.

ಇದರ ನಷ್ಟ ಮೆಕ್ಯಾನಿಕ್ಕಿಗೆ ಕೊಡುವ ಕೂಲಿಯಷ್ಟೇ ಅಲ್ಲ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ವರ್ಷ, ನಮ್ಮ ಸರದಿಯ ದಿನಗಳಲ್ಲಿಯೇ ಗದ್ದೆ ಕೆಸರು ಮಾಡಬೇಕು. ಆ ದಿನ ಟಿಲ್ಲರ್ ಚಾಲೂ ಆಗದಿದ್ದರೆ ನೀರು ಮುಂದಿನವರಿಗೆ ಹೋಗುತ್ತದೆ, ಒಟ್ಟಲಿನ ಪೈರು ಬಲಿಯುತ್ತದೆ. ಮೂರು ನಾಲ್ಕು ವಾರದೊಳಗೆ ನಾಟಿಯಾಗಬೇಕಾದ ಪೈರನ್ನು ಬಲಿತ ಮೇಲೆ ನೆಟ್ಟರೆ ತೆಂಡೆ ಕಡಿಮೆ, ತೆಂಡೆ ಕಡಿಮೆಯಾದರೆ ಇಳುವರಿಯೂ ಕಡಿಮೆ. ಹೀಗೆ ಡಿಸೆಂಬರ್‌ನಲ್ಲಿ ಟ್ಯಾಂಕಿನಲ್ಲಿ ಬಿಟ್ಟ ಒಂದೆರಡು ಲೀಟರ್ ಇಂಧನ ಮುಂದಿನ ಜುಲೈ-ಆಗಸ್ಟ್‌ನ ಬೆಳೆಗೆ ಪೆಟ್ಟು ಕೊಡಬಲ್ಲದು.

ಇಂಧನ ಏಕೆ ಕೆಡುತ್ತದೆ?

ಪೆಟ್ರೋಲಿನ ಹಗುರ ಅಂಶಗಳು ದಿನಕಳೆದಂತೆ ಆವಿಯಾಗುತ್ತವೆ. ಉಳಿದದ್ದು ಗಾಳಿಯೊಡನೆ ಬೆರೆತು ಅಂಟಾಗಿ, ಕಾರ್ಬ್ಯುರೇಟರಿನ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ.

ಈಗ ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಲಾಯಿತು. ಈ ಎಥನಾಲಿನ ಒಂದು ಪಾಲು ಬರುವುದು ಕಬ್ಬಿನ ರಸ ಮತ್ತು ಕಾಕಂಬಿಯಿಂದ. ಕಬ್ಬು ಬೆಳೆಗಾರರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಎಥನಾಲಿಗೆ ನೀರನ್ನು ಹೀರುವ ಗುಣವಿದೆ. ಹೀರಿದ ನೀರು ಒಂದು ಮಿತಿ ಮೀರಿದಾಗ ಎಥನಾಲು ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಜಿನ್ನಿಗೆ ಇಂಧನ ಹೋಗುವ ಪೈಪು ಇರುವುದೂ ತಳದಲ್ಲಿಯೇ.

ಡೀಸೆಲ್ ಇಷ್ಟು ಬೇಗ ಕೆಡುವುದಿಲ್ಲ. ಅದರ ಶತ್ರು ನೀರು. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದನ್ನು ನೋಡಿದ್ದೀರಿ. ಮಾಗಿಯ ಚಳಿಯಲ್ಲಿ ಅರ್ಧ ಖಾಲಿಯಾದ ಟ್ಯಾಂಕಿನ ಒಳಮೈಯೂ ಹಾಗೆಯೇ ಬೆವರುತ್ತದೆ. ಆ ಹನಿಗಳು ಡೀಸೆಲಿಗಿಂತ ಭಾರವಾದ್ದರಿಂದ ತಳ ಸೇರುತ್ತವೆ. ನೀರು ಮತ್ತು ಡೀಸೆಲ್ ಕೂಡುವ ಕಡೆ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರನ್ನು ಕಟ್ಟುತ್ತವೆ. ನೀರು ಮುಂದೆ ಹೋದರೆ ಪಂಪು ಮತ್ತು ನಾಜಲ್ ತುಕ್ಕು ಹಿಡಿಯುತ್ತವೆ.

ಆದ್ದರಿಂದ ಎರಡು ಇಂಧನಗಳಿಗೆ ಎರಡು ಬಗೆಯ ಉಪಚಾರ ಬೇಕು.

ಪೆಟ್ರೋಲ್ ಇಂಜಿನ್ನುಗಳಿಗೆ

1. ಒಂದು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲಿಸುವುದಾದರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಬೇಕು. ಈ ಕೆಲಸವನ್ನು ಇಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ, ಬೆಂಕಿ-ಬೀಡಿಗಳಿಂದ ದೂರದಲ್ಲಿ ಮಾಡತಕ್ಕದ್ದು.

2. ಅನಂತರ ಇಂಜಿನ್ ಚಾಲೂ ಮಾಡಿ, ಅದು ತಾನಾಗಿ ನಿಲ್ಲುವವರೆಗೆ ಬಿಡಬೇಕು. ಕಾರ್ಬ್ಯುರೇಟರಿನಲ್ಲಿ ಉಳಿದದ್ದೂ ಹೀಗೆ ಮುಗಿಯುತ್ತದೆ. ಬಹಳ ಮಂದಿ ಮರೆಯುವುದು ಇದನ್ನೇ.

3. ತೆಗೆದ ಪೆಟ್ರೋಲ್ ಹೊಸದಾಗಿದ್ದು ತಿಳಿಯಾಗಿದ್ದರೆ, ಸೋಸಿ ಮೋಟಾರ್ ಸೈಕಲ್ಲಿಗೆ ಹಾಕಿ ಕೂಡಲೇ ಬಳಸಿ. ಆಯಿಲ್ ಬೆರೆಸಿದ ಪೆಟ್ರೋಲನ್ನು ಹೀಗೆ ಬಳಸಕೂಡದು. ಅದನ್ನು ಆ ವಾರದ ಕೆಲಸಕ್ಕೆ ಬೇಕಾದಷ್ಟೇ ಬೆರೆಸಿಕೊಳ್ಳುವುದು ಲೇಸು.

ಡೀಸೆಲ್ ಇಂಜಿನ್ನುಗಳಿಗೆ

1. ಮೊದಲು ಟ್ಯಾಂಕಿನ ಮತ್ತು ಫಿಲ್ಟರ್ ಬಟ್ಟಲಿನ ತಳದ ತಿರುಪು ಸಡಿಲಿಸಿ, ಸೇರಿರುವ ನೀರು ಮತ್ತು ಕಸರನ್ನು ಹೊರಗೆ ಬಿಡಬೇಕು.

2. ಬಳಿಕ ಶುದ್ಧ ಡೀಸೆಲನ್ನು ಟ್ಯಾಂಕಿನ ಕಂಠಕ್ಕೆ ಸ್ವಲ್ಪ ಕೆಳಗಿನವರೆಗೆ ತುಂಬಿ, ಮುಚ್ಚಳ ಬಿಗಿಮಾಡಿ, ಕಾಕ್ ಮುಚ್ಚಬೇಕು. ಖಾಲಿ ಜಾಗ ಇಲ್ಲದಿದ್ದರೆ ಬೆವರುವುದಕ್ಕೂ ಅವಕಾಶವಿಲ್ಲ.

3. ಹಂಗಾಮು ಬಂದಾಗ ಮತ್ತೊಮ್ಮೆ ತಳದ ನೀರು ತೆಗೆದು, ಪೈಪಿನಲ್ಲಿರುವ ಗಾಳಿ ತೆಗೆದು ಚಾಲೂ ಮಾಡಬೇಕು. ಈ ಪರೀಕ್ಷೆಯನ್ನು ನೀರು ಬಿಡುವ ದಿನ ಮಾಡದೆ, ಒಟ್ಟಲು ಹಾಕುವ ದಿನವೇ ಮಾಡುವುದು ಜಾಣತನ. ಏನಾದರೂ ದೋಷವಿದ್ದರೆ ಸರಿಪಡಿಸಲು ಆಗ ಮೂರು ವಾರ ಕಾಲಾವಕಾಶ ಸಿಗುತ್ತದೆ.

ಎಚ್ಚರಿಕೆಯ ಮಾತು

ಇಂಧನ ತೆಗೆಯುವಾಗ ಪೈಪನ್ನು ಬಾಯಿಯಿಂದ ಎಳೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಇದು ಅಪಾಯಕರ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಸಂಚಕಾರ ಬರಬಹುದು. ಕೈಪಂಪು ಬಳಸಿ, ಇಲ್ಲವೆ ಪೈಪು ಬಿಚ್ಚಿ ಡಬ್ಬಿಗೆ ಇಳಿಸಿ. ಸೋಡಾ, ಜ್ಯೂಸ್ ಬಾಟಲಿಗಳಲ್ಲಿ ಇಂಧನ ಇಡಲೇಕೂಡದು. ಮಕ್ಕಳು ನೀರೆಂದು ಕುಡಿಯುತ್ತಾರೆ. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಪರವಾನಗಿ ಇಲ್ಲದೆ ಸ್ವಂತಕ್ಕೆ ಇಟ್ಟುಕೊಳ್ಳಬಹುದಾದ ಪೆಟ್ರೋಲಿಗೆ ಕಾನೂನು 30 ಲೀಟರ್ ಮಿತಿ ಹಾಕಿದೆ. ಆದರೆ ಒಲೆಯಿರುವ ಮನೆಯಲ್ಲಿ, ಹುಲ್ಲು ತುಂಬಿದ ಕೊಟ್ಟಿಗೆಯಲ್ಲಿ ಒಂದು ಲೀಟರೂ ಹೆಚ್ಚೇ.

ಕೆಟ್ಟ ಇಂಧನವನ್ನು ಗುರುತಿಸುವುದು ಸುಲಭ. ಸ್ವಲ್ಪವನ್ನು ಗಾಜಿನ ಶೀಷೆಯಲ್ಲಿ ಹಿಡಿದು ಬೆಳಕಿಗೆ ನೋಡಿ. ಎರಡು ಪದರ ಕಂಡರೆ, ಮಬ್ಬಾಗಿದ್ದರೆ, ಬಣ್ಣ ಕಂದಿ ವಾರ್ನಿಷಿನಂತೆ ವಾಸನೆ ಬಂದರೆ ಅದನ್ನು ಇಂಜಿನ್ನಿಗೆ ಹಾಕಬಾರದು. ನೋಡಿದ ಮೇಲೆ ಶೀಷೆಯಲ್ಲಿ ಹಾಗೆಯೇ ಬಿಡಬೇಡಿ. ಇಂಥ ಇಂಧನವನ್ನು ಬದುವಿಗೆ, ನಾಲೆಗೆ, ಬಾವಿಯ ಸುತ್ತ ಚೆಲ್ಲಬೇಡಿ. ಬಾವಿಯ ನೀರು ಬಹುಕಾಲ ಕೆಡುತ್ತದೆ. ಒಲೆಗೆ, ದೀಪಕ್ಕೆ ಬಳಸುವುದಂತೂ ಬೆಂಕಿಯನ್ನು ಮನೆಗೆ ಕರೆದಂತೆ. ಲೋಹದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಹೆಸರು ಬರೆದು, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿನಲ್ಲಿ ವಿಚಾರಿಸಿ ಕೊಡುವುದು ಉತ್ತಮ.

ಯಾರಿಗೆ, ಯಾವಾಗ?

ಈ ನಾಲ್ಕು ತಾಲ್ಲೂಕುಗಳಲ್ಲಿ ಯಂತ್ರ ನಿಲ್ಲುವ ಕಾಲ ಒಂದೇ ಅಲ್ಲ. ನಾಗಮಂಗಲದ ಖುಷ್ಕಿ ರಾಗಿ ಬೆಳೆಗಾರರು ಕಣದ ಕೆಲಸ ಮುಗಿದ ಕೂಡಲೇ ಇದನ್ನು ಮಾಡಬೇಕು. ಮತ್ತೆ ಮಳೆಯಾಗುವವರೆಗೆ ಯಂತ್ರಕ್ಕೆ ಬಿಡುವು. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ನಾಲಾ ಬಯಲಿನವರು, ಕೆ.ಆರ್.ಪೇಟೆಯ ಹೇಮಾವತಿ ನಾಲೆಯ ರೈತರು ಬೇಸಿಗೆ ಬೆಳೆಗೆ ನೀರು ಉಂಟೋ ಇಲ್ಲವೋ ಎಂದು ತಿಳಿದೊಡನೆ ತೀರ್ಮಾನಿಸಬಹುದು. 2023ರಂಥ ಬರದ ವರ್ಷಗಳಲ್ಲಿ ಈ ಬಿಡುವು ಇನ್ನೂ ದೀರ್ಘವಾಗುತ್ತದೆ.

ಈ ಕೆಲಸಕ್ಕೆ ಅರ್ಧ ಗಂಟೆ ಸಾಕು, ಖರ್ಚೂ ಹೆಚ್ಚಿಲ್ಲ. ಕೊಯ್ಲು ಮುಗಿಸಿ ಕುಡುಗೋಲನ್ನು ಒರೆಸಿ ಸೂರಿಗೆ ಸಿಕ್ಕಿಸುವ ದಿನ, ಇಂಜಿನ್ನಿನ ಟ್ಯಾಂಕಿನ ಕಡೆಗೂ ಒಮ್ಮೆ ಗಮನ ಕೊಡಿ. ಪೆಟ್ರೋಲಾದರೆ ಖಾಲಿ, ಡೀಸೆಲಾದರೆ ಭರ್ತಿ. ಇಷ್ಟನ್ನು ನೆನಪಿಟ್ಟರೆ, ನಾಲೆಗೆ ನೀರು ಬಂದ ದಿನ ನಿಮ್ಮ ಯಂತ್ರವೂ ಗದ್ದೆಗೆ ಇಳಿಯುತ್ತದೆ.