ನಿಮಗಿದು ಗೊತ್ತೆ? ಮಗುವಿಗೆ ಹೈಸ್ಕೂಲು ಆರಿಸುವ ಮುನ್ನ

ನಂಜನಗೂಡು, ತಿ. ನರಸೀಪುರದ ಮನೆಗಳಲ್ಲಿ ಏಳನೇ ತರಗತಿ ಮುಗಿಯುತ್ತಿದ್ದಂತೆ ಚರ್ಚೆ ಶುರು: ಊರಿನ ಶಾಲೆಯೋ, ಮೈಸೂರಿನದೋ, ಹಾಸ್ಟೆಲ್ಲೋ?

● ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ, ಕಪಿಲೆಯ ದಡದಲ್ಲಿ, ಜೆಎಸ್‌ಎಸ್ ಉಚಿತ ವಸತಿ ಶಾಲೆಯಿದೆ. ಹೊರರಾಜ್ಯಗಳ ಮಕ್ಕಳೂ ಇಲ್ಲಿ ಓದುತ್ತಾರೆ. ಇದನ್ನು ನಡೆಸುವ ಜೆಎಸ್‌ಎಸ್ ಮಹಾವಿದ್ಯಾಪೀಠ ಶುರುವಾದದ್ದು 1954ರಲ್ಲಿ.

● ಎಂಟನೇ ತರಗತಿವರೆಗಿನ ಪ್ರವೇಶಕ್ಕೆ ಮಗುವಿಗಾಗಲಿ ಪೋಷಕರಿಗಾಗಲಿ ಪರೀಕ್ಷೆ, ಸಂದರ್ಶನ ನಡೆಸುವಂತಿಲ್ಲ, ಡೊನೇಷನ್ ಕೇಳುವಂತಿಲ್ಲ. ಇದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾತು.

● ಅದೇ ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಸಿಕ್ಕ ಉಚಿತ ಸೀಟು ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತು, ಹತ್ತರ ಶುಲ್ಕವನ್ನು ಮೊದಲೇ ಕೇಳಿಟ್ಟುಕೊಳ್ಳಿ.

● ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರಿರಬೇಕು. ಸಣ್ಣ ಶಾಲೆಯೆಂದರೆ ಕಟ್ಟಡ ನೋಡಬೇಡಿ, ಈ ಲೆಕ್ಕ ನೋಡಿ.

● ಮಾನ್ಯತೆಯ ಜೊತೆಗೆ ಶಾಲೆಯ ಗುರುತಿನ ಸಂಖ್ಯೆಯಾದ 11 ಅಂಕಿಯ ಯು-ಡೈಸ್ ಅನ್ನೂ ಕೇಳಿ. ಕರ್ನಾಟಕದ ಶಾಲೆಯಾದರೆ ಅದು 29ರಿಂದ ಶುರುವಾಗುತ್ತದೆ.

● ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಯದೇ 125. ಉಳಿದ ಐದು ವಿಷಯಗಳಿಗೆ ತಲಾ 100. ಹಾಗಾಗಿ ಕನ್ನಡ ಮೇಷ್ಟ್ರು ಯಾರೆಂದು ವಿಚಾರಿಸುವುದು ಒಳ್ಳೆಯದು.

● ಶಾಲೆಯ ದಿನಚರಿ ಹೇಗೆಂದೂ ಕೇಳಿ, ಅದು ಎಲ್ಲೆಡೆ ಒಂದೇ ಥರ ಇರುವುದಿಲ್ಲ. ಇಂಗ್ಲೆಂಡ್, ಅಮೆರಿಕದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಶಾಲೆಗಳಿವೆ. ಫಿಲಡೆಲ್ಫಿಯಾದ ವಿಲಿಯಂ ಪೆನ್ ಚಾರ್ಟರ್ ಶಾಲೆಗೆ 1689ರಿಂದ ಇತಿಹಾಸವಿದೆ. ಇಂಥ ಶಾಲೆಗಳಲ್ಲಿ ಮಕ್ಕಳೂ ಶಿಕ್ಷಕರೂ ಒಟ್ಟಿಗೆ ಮೌನವಾಗಿ ಕೂರುವ ಪ್ರಾರ್ಥನಾ ಸಭೆ ವೇಳಾಪಟ್ಟಿಯಲ್ಲೇ ಇರುತ್ತದೆ. ಏನಾದರೂ ಹೇಳಬೇಕೆನಿಸಿದವರು ಎದ್ದು ಮಾತಾಡಬಹುದು.