ಬೇಳದ ಇಗರ್ಜಿ: ಮುರಕಲ್ಲಿನ ನಾಡಿನಲ್ಲಿ ಗೋಥಿಕ್ ಶೈಲಿ

ಕಾಸರಗೋಡು ಜಿಲ್ಲೆಯ ಪ್ರೇಕ್ಷಣೀಯ ಸ್ಥಳಗಳೆಂದೊಡನೆ ಬೇಕಲದ ಕೋಟೆ, ಮಧೂರಿನ ದೇವಸ್ಥಾನ, ಅನಂತಪುರದ ಸರೋವರ ಕ್ಷೇತ್ರ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ ನೆನಪಾಗುತ್ತವೆ. ಕುಂಬಳೆಯಿಂದ ಬದಿಯಡ್ಕದತ್ತ ಹೋಗುವಾಗ ಸಿಗುವ ಬೇಳ ಗ್ರಾಮದ ಶೋಕಮಾತೆಯ ಇಗರ್ಜಿಗೂ ಈ ಪಟ್ಟಿಯಲ್ಲಿ ಸ್ಥಾನವಿದೆ. ಆದರೆ ಪ್ರವಾಸಿ ಕೈಪಿಡಿಗಳು ಅದರ ಬಗ್ಗೆ ಹೇಳುವುದು ಒಂದೇ ವಾಕ್ಯ: 1890ರಲ್ಲಿ ಸ್ಥಾಪನೆ, ಗೋಥಿಕ್ ಶೈಲಿ. ಗೋಥಿಕ್ ಎಂದರೇನು? ಅದು ಈ ಅಡಿಕೆ ತೋಟಗಳ ನಾಡಿಗೆ ಬಂದದ್ದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ನಮ್ಮ ಊರಿನ ಚರಿತ್ರೆಯ ಒಂದು ಅಧ್ಯಾಯವೇ ತೆರೆದುಕೊಳ್ಳುತ್ತದೆ.

ಗೋವೆಯಿಂದ ಬಂದವರು

ನಮ್ಮ ಕರಾವಳಿಯ ಕೊಂಕಣಿ ಕಥೊಲಿಕರ ಪೂರ್ವಜರು ಗೋವೆಯಿಂದ ಬಂದವರು. 16ನೆಯ ಶತಮಾನದಿಂದ ಮೊದಲ್ಗೊಂಡು ಮತವಿಚಾರಣೆಯ ಭಯ, ಬರಗಾಲ, ಯುದ್ಧ ಮೊದಲಾದ ಕಾರಣಗಳಿಂದ ಅವರು ತಂಡ ತಂಡವಾಗಿ ದಕ್ಷಿಣಕ್ಕೆ ಸರಿದು ಬೇಸಾಯದಲ್ಲಿ ನೆಲೆಗೊಂಡರು. 1784ರಲ್ಲಿ ಟಿಪ್ಪು ಸುಲ್ತಾನನು ಇವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅನೇಕ ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಬದುಕುಳಿದವರು ಮರಳಿ ಬಂದು ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು.

1878ರ ಕೊನೆಗೆ ಇಟಲಿಯ ಯೇಸುಸಭೆಯ ಪಾದ್ರಿಗಳು ಮಂಗಳೂರಿಗೆ ಬಂದರು. 1886ರಲ್ಲಿ ಮಂಗಳೂರು ಧರ್ಮಪ್ರಾಂತವಾಯಿತು. ಬೇಳದ ಇಗರ್ಜಿ ಸ್ಥಾಪನೆಯಾದಾಗ ಬಿಷಪ್ ನಿಕೊಲಸ್ ಪಗಾನಿಯವರು ಅದರ ಮೊದಲ ಧರ್ಮಾಧ್ಯಕ್ಷರಾಗಿದ್ದರು. ಕಾಸರಗೋಡು ಆಗ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ದೋಣಿ, ಎತ್ತಿನ ಗಾಡಿ, ತಲೆಹೊರೆಗಳೇ ಗತಿ. ಅಂಥ ದಿನಗಳಲ್ಲಿ ಒಳನಾಡಿನ ಹಳ್ಳಿಯೊಂದರಲ್ಲಿ ಇಗರ್ಜಿ ಎದ್ದು ನಿಂತಿತು ಎಂಬುದನ್ನು ಮರೆಯಲಾಗದು.

ಎರಡು ಶೈಲಿಗಳು

ಯುರೋಪಿನ ಇಗರ್ಜಿಗಳ ಅನೇಕ ಶೈಲಿಗಳಲ್ಲಿ ನಮ್ಮ ಕಡೆ ಹೆಚ್ಚು ಕೇಳಿಬರುವುದು ಗೋಥಿಕ್ ಮತ್ತು ಬರೋಕ್. ಗೋಥಿಕ್ 12ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತು. ಚೂಪು ತುದಿಯ ಕಮಾನು ಅದರ ಮುಖ್ಯ ಗುರುತು. ಅರ್ಧಚಂದ್ರಾಕಾರದ ಕಮಾನು ಭಾರವನ್ನು ಬದಿಗಳಿಗೆ ಹೆಚ್ಚು ನೂಕುತ್ತದೆ. ಚೂಪು ಕಮಾನು ಅದನ್ನು ಹೆಚ್ಚಾಗಿ ಕೆಳಕ್ಕೆ ಇಳಿಸುತ್ತದೆ. ಆದುದರಿಂದ ಗೋಡೆ ಎತ್ತರವಾಗಬಹುದು, ಕಿಟಕಿ ದೊಡ್ಡದಾಗಬಹುದು, ಒಳಗೆ ಬೆಳಕು ತುಂಬಬಹುದು. 19ನೆಯ ಶತಮಾನದಲ್ಲಿ ಈ ಶೈಲಿಗೆ ಮರುಜೀವ ಬಂದು ಅದು ಭಾರತದಲ್ಲೆಲ್ಲ ಹಬ್ಬಿತು. ಮೈಸೂರಿನ ಸಂತ ಫಿಲೋಮಿನಾ ಇಗರ್ಜಿಯ ಜೋಡಿ ಗೋಪುರಗಳನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಕಿಲ್ಲ.

ಬರೋಕ್ ಬೇರೆಯೇ ಬಗೆ. ಓರೆಕೋರೆಯಾದ ಮುತ್ತಿಗೆ ಪೋರ್ಚುಗೀಸರು ಹೇಳುತ್ತಿದ್ದ ಮಾತಿನಿಂದ ಈ ಹೆಸರು ಬಂತೆಂದು ಬಹುಮಂದಿಯ ಅಭಿಪ್ರಾಯ. ಸುರುಳಿ ಅಲಂಕಾರ, ತಿರುಚಿದ ಕಂಬ, ಚಿನ್ನದ ಲೇಪದ ಬಲಿಪೀಠ, ಚಿತ್ರಗಳಿಂದ ತುಂಬಿದ ಛಾವಣಿ ಅದರ ಲಕ್ಷಣಗಳು. 1605ರಲ್ಲಿ ಪ್ರತಿಷ್ಠೆಗೊಂಡ ಗೋವೆಯ ಬೊಂ ಜೆಸು ಇದಕ್ಕೆ ಪ್ರಸಿದ್ಧ ಉದಾಹರಣೆ. ಗೋವೆಯ ನೆನಪಿನೊಂದಿಗೆ ಬಂದ ಜನ, ಇಟಲಿಯಿಂದ ಬಂದ ಪಾದ್ರಿಗಳು, ಆ ಕಾಲದ ಗೋಥಿಕ್ ಒಲವು, ಇವು ಮೂರೂ ನಮ್ಮ ಕರಾವಳಿಯಲ್ಲಿ ಒಂದನ್ನೊಂದು ಸಂಧಿಸಿದವು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಛಾವಣಿಗಳಲ್ಲಿ ಮೊಸ್ಕೆನಿಯವರ ಚಿತ್ರಗಳು, ಬೇಳದಲ್ಲಿ ಗೋಥಿಕ್. ಎರಡೂ ಒಂದೇ ಧರ್ಮಪ್ರಾಂತದ ಒಂದೇ ಕಾಲಘಟ್ಟದವು.

ಕಲ್ಲು, ಸುಣ್ಣ, ಹಂಚು

ಶೈಲಿ ಕಡಲಾಚೆಯದಾದರೂ ಕರಾವಳಿಯ ಹಳೆಯ ಕಟ್ಟಡಗಳ ಮೈ ಈ ನೆಲದ್ದೇ. ನಮ್ಮ ಮುರಕಲ್ಲು ನೆಲದಡಿಯಲ್ಲಿ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಮರುವಾಯಿ ಚಿಪ್ಪನ್ನು ಸುಟ್ಟರೆ ಸುಣ್ಣ ಸಿಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಾಡಿನ ಚಿಂತೆಯೂ ಕಡಿಮೆಯಾಯಿತು. ಪ್ರೊಟೆಸ್ಟಂಟರು ಸುಟ್ಟ ಹಂಚು ಕಥೊಲಿಕರ ಇಗರ್ಜಿ, ಮಸೀದಿ, ಮನೆ, ಶಾಲೆ ಎಲ್ಲಕ್ಕೂ ಸೂರಾಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಫ್ರಾನ್ಸಿನಲ್ಲಿ ಚೂಪು ಕಮಾನು ಹೊತ್ತದ್ದು ಕಲ್ಲಿನ ಛಾವಣಿಯನ್ನು. ಮರದ ಪಕ್ಕಾಸು, ಹಂಚುಗಳ ನಮ್ಮ ಹಗುರ ಮಾಡಿಗೆ ಅಷ್ಟು ಬಲ ಬೇಕಿಲ್ಲ. ಇಲ್ಲಿ ಆ ಕಮಾನಿನ ಕೆಲಸ ಭಾರ ಹೊರುವುದಕ್ಕಿಂತಲೂ ಭಕ್ತರ ದೃಷ್ಟಿಯನ್ನು ಮೇಲಕ್ಕೆತ್ತುವುದು.

ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಮುರಕಲ್ಲಿಗೆ ಸುಣ್ಣದ ಗಾರೆ ಮಳೆಗೊರಗಿನಂತೆ. ಬೊಂ ಜೆಸುವಿನ ಹೊರಗೋಡೆಯ ಗಾರೆಯನ್ನು ಕಳೆದ ಶತಮಾನದ ನಡುವೆ ಕಿತ್ತುಹಾಕಿದ ಮೇಲೆ ಅಲ್ಲಿಯ ಕಲ್ಲು ಮಳೆಗೆ ಸವೆಯುತ್ತಿದೆ. ಇನ್ನೊಂದೆಡೆ, ಹಳೆಯ ಮುರಕಲ್ಲಿನ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಕೆಡುತ್ತದೆ. ಇಗರ್ಜಿಯಿರಲಿ, ದೇವಸ್ಥಾನವಿರಲಿ, ಮಸೀದಿಯಿರಲಿ, ಜೀರ್ಣೋದ್ಧಾರಕ್ಕೆ ಹೊರಡುವ ಸಮಿತಿಗಳು ಈ ಪಾಠವನ್ನು ಗಮನಿಸಬೇಕು.

ಲಿಪಿಯೂ ಒಂದು ಆಸ್ತಿ

1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, 1984ರಲ್ಲಿ ಜಿಲ್ಲೆಯಾಯಿತು. ಆದರೆ ಬೇಳದ ಇಗರ್ಜಿ ಇಂದಿಗೂ ಮಂಗಳೂರು ಧರ್ಮಪ್ರಾಂತದಲ್ಲೇ ಇದೆ. ರಾಜ್ಯದ ಗಡಿ ಒಂದು ಕಡೆ, ಧರ್ಮಪ್ರಾಂತದ ಗಡಿ ಇನ್ನೊಂದು ಕಡೆ. ಈ ಜನರ ಪ್ರಾರ್ಥನೆಯ ಭಾಷೆ ಕೊಂಕಣಿ. ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಆರಂಭವಾದ 'ರಾಕ್ಣೊ' ವಾರಪತ್ರಿಕೆ ಮನೆ ಮನೆಗೆ ಬಂದದ್ದೂ ಇದೇ ಲಿಪಿಯಲ್ಲಿ.

ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯ ಮಾತು ಬಂದಾಗ ನಾವು ಈ ಅಂಶವನ್ನು ಮರೆಯುತ್ತೇವೆ. ಮನೆಯಲ್ಲಿ ಕೊಂಕಣಿ ಆಡುವ ಮಗು ಕನ್ನಡ ಅಕ್ಷರ ಕಲಿಯದಿದ್ದರೆ ಅದಕ್ಕೆ ತಪ್ಪಿಹೋಗುವುದು ಕನ್ನಡವಷ್ಟೇ ಅಲ್ಲ. ಅಜ್ಜಿಯ ಪ್ರಾರ್ಥನೆಯ ಪುಸ್ತಕವನ್ನೂ ಅದು ಓದಲಾರದು. ಗೋಡೆಯ ಬಿರುಕನ್ನು ಕಂಡವರು ಮೇಸ್ತ್ರಿಯನ್ನು ಕರೆಯುತ್ತಾರೆ; ಈ ಬಿರುಕು ಹಾಗೆ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಸಹೋದ್ಯೋಗಿ ಅಧ್ಯಾಪಕರಲ್ಲಿ ಒಂದು ವಿನಂತಿ. ಗೋಥಿಕ್ ಕಮಾನಿನ ಪಾಠ ಮಾಡುವಾಗ ಪಠ್ಯಪುಸ್ತಕದ ಪ್ಯಾರಿಸ್ ಚಿತ್ರದಲ್ಲಿ ನಿಲ್ಲಿಸದೆ ಮಕ್ಕಳನ್ನು ಬೇಳಕ್ಕೆ ಕರೆದೊಯ್ಯಿರಿ. ಪಾದ್ರಿಗಳ ಅನುಮತಿ ಪಡೆದು ಅಳತೆ ತೆಗೆಯಲಿ, ಚಿತ್ರ ಬರೆಯಲಿ, ಊರ ಹಿರಿಯರು ಹೇಳುವುದನ್ನು ಗುರುತು ಮಾಡಿಕೊಳ್ಳಲಿ. ಒಂದು ನೋಟು ಪುಸ್ತಕ, ಒಂದು ಪೆನ್ಸಿಲು, ಒಂದು ಶನಿವಾರ ಸಾಕು.