ಆರ್ಸೆನಿಕ್ ಹೀರುವ ಜರೀಗಿಡ: ಚಳಿಗೂ ಬರಕ್ಕೂ ಒಗ್ಗುವುದೇ?

ವಿಜಯಪುರ ಜಿಲ್ಲೆಯ ನೆರೆಯ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಎಂಬ ಊರಿದೆ. ಸಮೀಪದಲ್ಲೇ ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿ ಇದೆ. ಈ ಪ್ರದೇಶದ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆ ಬಾವಿಗಳ ಪೈಕಿ ಶೇ. 79ರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿತ್ತು. ಗರಿಷ್ಠ ಪ್ರಮಾಣ 303. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗ್ರಾಮಿಗೆ 2000 ಮಿಲಿಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಇತ್ತು. ತಪಾಸಣೆಗೊಳಗಾದ 181 ಜನರಲ್ಲಿ ಶೇ. 58.6 ಮಂದಿಗೆ ಚರ್ಮದ ಮೇಲೆ ಆರ್ಸೆನಿಕ್ ವಿಷದ ಗುರುತುಗಳಿದ್ದವು. ಇಂಥ ಮಣ್ಣನ್ನು ಗಿಡಗಳಿಂದ ಶುದ್ಧಗೊಳಿಸಬಹುದೇ?

ಟೆರಿಸ್ ವಿಟ್ಟಾಟಾ ಎಂಬ ಜರೀಗಿಡ ಆರ್ಸೆನಿಕ್ಕನ್ನು ಹೀರಿ ಸಂಗ್ರಹಿಸುತ್ತದೆ ಎಂಬುದನ್ನು ಅಮೆರಿಕದ ಫ್ಲಾರಿಡಾದ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದರು. ಆವರ್ತ ಕೋಷ್ಟಕದಲ್ಲಿ ಆರ್ಸೆನಿಕ್ಕಿನ ಸ್ಥಾನ ರಂಜಕದ ಕೆಳಗೇ ಇದೆ. ಆದ್ದರಿಂದ ಆರ್ಸೆನೇಟ್ ಅಯಾನು ಫಾಸ್ಫೇಟಿನ ದಾರಿಯಲ್ಲೇ ಬೇರನ್ನು ಪ್ರವೇಶಿಸುತ್ತದೆ. ಜರೀಗಿಡ ಅದನ್ನು ಎಲೆಗಳಿಗೆ ಸಾಗಿಸಿ, ಜೀವಕೋಶಗಳ ರಸದಾನಿಗಳಲ್ಲಿ ಕೂಡಿಡುತ್ತದೆ.

ಆದರೆ ಇದು ಬೆಚ್ಚನೆಯ ನಾಡಿನ ಗಿಡ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಎಲೆಗಳು ಸಾಯುತ್ತವೆ. ಚಳಿ ದೇಶಗಳಲ್ಲಿ ಇದನ್ನು ವಸಂತದಲ್ಲಿ ನೆಟ್ಟು ಚಳಿಗಾಲಕ್ಕೆ ಮೊದಲೇ ಕೊಯ್ಯಬೇಕು, ಇಲ್ಲವೇ ಗಾಜಿನ ಮನೆಯಲ್ಲಿ ಬೆಳೆಸಬೇಕು. ವಿಲೋ ಮರ ಚಳಿಯನ್ನು ತಾಳುತ್ತದೆ. ಆದರೆ ಅದು ಹೀರುವ ಆರ್ಸೆನಿಕ್ ಬಹಳ ಕಡಿಮೆ.

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಬಸಾಲ್ಟ್ ನೆಲದಲ್ಲಿ ಚಿನ್ನದ ಗಣಿಗಳಿಲ್ಲ. ಆದರೆ ಹವೆ ಸುರಪುರದಂತೆಯೇ ಒಣ ಹವೆ. ಇಲ್ಲಿ ಅಡ್ಡಿಯಾಗುವುದು ಚಳಿಯಲ್ಲ, ನೀರಿನ ಕೊರತೆ. ಜರೀಗಿಡಕ್ಕೆ ತೇವ ಬೇಕು. ಅದರ ಗರ್ಭಧಾರಣೆಗೂ ನೀರಿನ ತೆಳುಪದರ ಬೇಕು. ಹನಿ ನೀರಿನಲ್ಲಿ ದ್ರಾಕ್ಷಿ ಬೆಳೆಯುವ ತಿಕೋಟಾದ ರೈತರಿಗೆ ಈ ಖರ್ಚು ಏನೆಂದು ಗೊತ್ತು.

ಈಗ ಒಂದು ಲೆಕ್ಕ. ಒಂದು ಹೆಕ್ಟೇರಿನ 15 ಸೆಂ.ಮೀ. ಮೇಲ್ಮಣ್ಣಿನ ತೂಕ ಸುಮಾರು 2000 ಟನ್. ಕಿಲೋಗ್ರಾಮಿಗೆ 2000 ಮಿಲಿಗ್ರಾಂ ಎಂದರೆ ಅದರಲ್ಲಿ 4000 ಕಿ.ಗ್ರಾಂ. ಆರ್ಸೆನಿಕ್ ಇರುತ್ತದೆ. ವರ್ಷಕ್ಕೆ 5 ಟನ್ ಒಣ ಎಲೆ ಸಿಕ್ಕಿತು, ಪ್ರತಿ ಕಿಲೋಗ್ರಾಂ ಎಲೆಯಲ್ಲಿ 4 ಗ್ರಾಂ ಆರ್ಸೆನಿಕ್ ಇತ್ತು ಎಂದು ಭಾವಿಸಿ. ಹೊರಬರುವುದು ವರ್ಷಕ್ಕೆ 20 ಕಿ.ಗ್ರಾಂ. ಮಾಲಿನ್ಯವನ್ನು ಅರ್ಧಕ್ಕಿಳಿಸಲೇ 100 ವರ್ಷ ಬೇಕು! ಮಣ್ಣಿನಲ್ಲಿ 40 ಮಿಲಿಗ್ರಾಂ ಮಾತ್ರ ಇದ್ದು, ಎಲೆಯಲ್ಲಿ 1 ಗ್ರಾಂ ಸಿಕ್ಕರೆ ಅದೇ ಕೆಲಸ 8 ವರ್ಷಗಳಲ್ಲಿ ಮುಗಿಯುತ್ತದೆ.

ಇನ್ನೊಂದು ಮಾತು. ಆರ್ಸೆನಿಕ್ ಧಾತು, ಗಿಡ ಅದನ್ನು ನಾಶ ಮಾಡಲಾರದು, ಸ್ಥಳಾಂತರಿಸಬಲ್ಲದು ಅಷ್ಟೆ. ಕೊಯ್ದ ಎಲೆ ದನಕ್ಕೂ ಒಲೆಗೂ ಗೊಬ್ಬರದ ಗುಂಡಿಗೂ ಹೋಗಬಾರದು. ಸುಟ್ಟರೆ ವಿಷ ಹೊಗೆಯಲ್ಲಿ ಹರಡುತ್ತದೆ. ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ವಿಲೇವಾರಿ ಮಾಡಬೇಕು.

ಹೀಗಾಗಿ ಗಣಿ ತ್ಯಾಜ್ಯ ಬಿದ್ದ ಊರಿಗೆ ಮೊದಲು ಬೇಕಾದದ್ದು ಸುರಕ್ಷಿತ ಕುಡಿಯುವ ನೀರು, ಅನಂತರ ತ್ಯಾಜ್ಯದ ಧೂಳು ಹಾರದಂತೆ ಹೊದಿಕೆ. ಜರೀಗಿಡದ ಸರದಿ ಮಾಲಿನ್ಯ ಅಲ್ಪವಾಗಿದ್ದು ತೇವವಿರುವ ಕಡೆ ಮಾತ್ರ. ಶಿಕ್ಷಕರು ಮೇಲಿನ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಆರ್ಸೆನಿಕ್ ಬಳಸುವ ಪ್ರಯೋಗವಂತೂ ಶಾಲೆಯಲ್ಲಿ ಬೇಡ. ಬೇರಿನಿಂದ ಎಲೆಗೆ ದ್ರವ ಏರುವುದನ್ನು ತೋರಿಸಲು ಕೆಂಪು ಶಾಯಿಯ ನೀರಿನಲ್ಲಿಟ್ಟ ಕರ್ಣಕುಂಡಲದ ಗಿಡ ಸಾಕು.